ಸಂತ ತೆರೇಸಮ್ಮನವರ ಮಣಿದಾರ: ಮಕ್ಕಳ ಜೊತೆ ಮಾಡಿ ನೋಡಿ

ಬಂಧುಗಳೇ, ಅಕ್ಟೋಬರ್ 1 ಫ್ರಾನ್ಸಿನ ಲಿಸ್ಯೂವಿನ ಸಂತ ತೆರೇಸಮ್ಮನವರ ಹಬ್ಬ. ನಾಲ್ಕು ವರ್ಷದ ಮಗುವಾಗಿದ್ದಾಗಲೇ ಅವರು ಅಕ್ಕಂದಿರ ಹಾಗೆ ಜೇಬಿನಲ್ಲಿ ಮಣಿದಾರ ಇಟ್ಟುಕೊಂಡಿರುತ್ತಿದ್ದರು. ಯೇಸುವಿಗಾಗಿ ಏನಾದರೂ ಬಿಟ್ಟುಕೊಟ್ಟಾಗಲೆಲ್ಲ ಒಂದು ಮಣಿ ಸರಿಸುತ್ತಿದ್ದರು.

ಮಾಡುವುದು ಸುಲಭ. ಒಂದು ಮೊಳ ಗಟ್ಟಿ ದಾರ, 10 ಮಣಿ, ಒಂದು ಪುಟ್ಟ ಶಿಲುಬೆ ಸಾಕು. ದಾರದ ಎರಡೂ ತುದಿಗಳನ್ನು ಒಂದೇ ಮಣಿಯೊಳಗೆ ಎದುರುಬದುರಾಗಿ ತೂರಿಸಿ ಎಳೆಯಿರಿ, ಉಳಿದ ಮಣಿಗಳನ್ನೂ ಹಾಗೆಯೇ ಪೋಣಿಸಿ, ಕೊನೆಗೆ ತುದಿಯಲ್ಲಿ ಶಿಲುಬೆ ಕಟ್ಟಿ. ಸರಿಯಾಗಿ ಬಿಗಿಯಿದ್ದರೆ ಮಣಿ ಬಿಟ್ಟಲ್ಲೇ ನಿಲ್ಲುತ್ತದೆ, ಎಳೆದಾಗ ಮಾತ್ರ ಸರಿಯುತ್ತದೆ. ತಾನಾಗಿಯೇ ಜಾರಿದರೆ ದಾರ ತೆಳುವಾಯಿತು ಅಂತ ಅರ್ಥ, ಸ್ವಲ್ಪ ದಪ್ಪದ್ದು ಹಾಕಿ.

ಯಾವುದಕ್ಕೆ ಮಣಿ ಸರಿಸಬೇಕು? ಮುಂದೆ ಕಾರ್ಮೆಲ್ ಸನ್ಯಾಸಿನಿಯರ ಮಠ ಸೇರಿದಾಗ ಅಲ್ಲಿ ಬಟ್ಟೆ ಒಗೆಯುವಾಗ ಎದುರಿಗಿದ್ದ ಸಿಸ್ಟರ್ ಕೈಯಿಂದ ಕೊಳೆನೀರು ತೆರೇಸಮ್ಮನವರ ಮುಖಕ್ಕೆ ಸಿಡಿಯುತ್ತಿತ್ತಂತೆ. ಅವರು ಹಿಂದೆ ಸರಿಯಲಿಲ್ಲ, ಮುಖ ಸಿಂಡರಿಸಲಿಲ್ಲ. ಚಿಕ್ಕ ಚಿಕ್ಕ ಕೆಲಸಗಳನ್ನೂ ಪ್ರೀತಿಯಿಂದ ಮಾಡುತ್ತಾ ದೇವರತ್ತ ಸಾಗುವುದೇ ಅವರು ಹೇಳಿದ ‘ಪುಟ್ಟ ಹಾದಿ’; ನನಗಂತೂ ಅದು ಇಡಿಯಾಗಿ ಅಲ್ಲೇ ಕಾಣುತ್ತದೆ. 24ನೇ ವಯಸ್ಸಿಗೇ ತೀರಿಕೊಂಡ ಅವರನ್ನು 1997ರಲ್ಲಿ ಧರ್ಮಸಭೆಯ ಪಂಡಿತೆ (ಬೋಧನೆಯಿಂದ ಇಡೀ ಸಭೆಗೆ ದಾರಿ ತೋರಿದ ಸಂತರಿಗೆ ಕೊಡುವ ಬಿರುದು) ಎಂದು ಘೋಷಿಸಿದ್ದು ಸುಮ್ಮನೆ ಅಲ್ಲ.

ನಮ್ಮ ಮನೆಗಳಲ್ಲಾದರೆ, ಅಜ್ಜಿ ಹೇಳಿದ್ದನ್ನೇ ಮತ್ತೆ ಹೇಳಿದಾಗ ಮೊದಲ ಸಲದ ಹಾಗೆ ಕೇಳುವುದು, ತಿರುಗಿ ಮಾತಾಡದೆ ಎದ್ದು ಲೋಟ ತೊಳೆದಿಡುವುದು.

ಒಂದು ಎಚ್ಚರಿಕೆ: ಮಣಿ ಎಣಿಸಿ ಮಕ್ಕಳಿಗೆ ಬಹುಮಾನ ಕೊಡಬೇಡಿ, ಅಣ್ಣ–ತಂಗಿಯರ ನಡುವೆ ಹೋಲಿಕೆಯೂ ಬೇಡ. ರಾತ್ರಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಅವರವರ ಮಣಿಗಳನ್ನು ಅವರೇ ಹಿಂದಕ್ಕೆ ಸರಿಸಿಕೊಳ್ಳಲಿ.