ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ತಡೆಯಿರಿ

ತರಗತಿಯಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತೀರಿ? ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನು ಅಳೆದು ನೋಡಿದರು. ಬಹುತೇಕ ಶಿಕ್ಷಕರು ಕಾಯುತ್ತಿದ್ದುದು ಒಂದು ಸೆಕೆಂಡ್ ಅಷ್ಟೇ! ಅದು ಮೂರು ಸೆಕೆಂಡ್ ದಾಟಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದವರು ಕಡಿಮೆಯಾದರು, ಮಕ್ಕಳೇ ತಿರುಗಿ ಪ್ರಶ್ನೆ ಕೇಳತೊಡಗಿದರು.

ಮೊದಲು ಪ್ರಶ್ನೆ ಆರಿಸಿಕೊಳ್ಳಿ. ‘ಗೋಳಗುಮ್ಮಟ ಯಾರ ಸಮಾಧಿ?’ ಎಂದು ಕೇಳಿ ಕಾಯುವುದರಲ್ಲಿ ಅರ್ಥವಿಲ್ಲ. ಗೊತ್ತಿದ್ದವರು ಮೊಹಮ್ಮದ್ ಆದಿಲ್‌ಶಾಹನದು ಎಂದು ಥಟ್ಟನೆ ಹೇಳುತ್ತಾರೆ. ಗೊತ್ತಿಲ್ಲದವರಿಗೆ ಎಷ್ಟು ಹೊತ್ತಾದರೂ ಹೊಳೆಯುವುದಿಲ್ಲ. ‘ಅಲ್ಲಿ ಒಮ್ಮೆ ಕೂಗಿದರೆ ಮತ್ತೆ ಮತ್ತೆ ಯಾಕೆ ಕೇಳುತ್ತದೆ?’ ಎಂದು ಕೇಳಿ. ವಿಜಯಪುರದ ಎಷ್ಟೋ ಮಕ್ಕಳು ಆ ದನಿಯನ್ನು ಕಿವಿಯಾರೆ ಕೇಳಿರುತ್ತಾರೆ. ಕಾರಣ ಹುಡುಕಲು ಹೊತ್ತು ಬೇಕು, ಅಷ್ಟೇ.

ಪ್ರಶ್ನೆಯನ್ನು ಒಂದೇ ಸಲ, ಸ್ಪಷ್ಟವಾಗಿ ಕೇಳಿ. ಮೊದಲೇ ಯಾರ ಹೆಸರನ್ನೂ ಕರೆಯಬೇಡಿ. ಕರೆದರೆ ಉಳಿದವರೆಲ್ಲ ನಿರಾಳವಾಗಿ ಯೋಚಿಸುವುದನ್ನೇ ಬಿಡುತ್ತಾರೆ. ‘ಲಗೂನ ಕೈ ಎತ್ತಬ್ಯಾಡ್ರಿ, ಮೊದಲ ವಿಚಾರ ಮಾಡ್ರಿ’ ಎಂದು ಹೇಳಿಬಿಡಿ.

ಈಗ ಮನಸ್ಸಿನಲ್ಲೇ ಎಣಿಸಿ. ಕಷ್ಟದ ಪ್ರಶ್ನೆಯಾದರೆ ಐದು, ಹತ್ತರವರೆಗೂ ಹೋಗಲಿ. ನಡುವೆ ಪ್ರಶ್ನೆ ತಿರುಗಿ ಹೇಳುವುದು, ಸುಳಿವು ಕೊಡುವುದು, ಬೋರ್ಡ್ ಒರೆಸುವುದು ಬೇಡ. ಆ ಮೌನ ಮೊದಮೊದಲು ಜಾಸ್ತಿ ಅನ್ನಿಸುತ್ತದೆ. ತಡೆದುಕೊಳ್ಳಿ. ನಮ್ಮ ಭಾಗದ ಶಾಲೆಗಳಲ್ಲಿ ಮನೆಯಲ್ಲಿ ಲಂಬಾಣಿ, ಮರಾಠಿ, ಉರ್ದು ಆಡುವ ಮಕ್ಕಳು ಎಷ್ಟೊಂದು ಜನ! ಅವರು ಉತ್ತರವನ್ನೂ ಹುಡುಕಬೇಕು, ಅದಕ್ಕೆ ಕನ್ನಡದ ಮಾತನ್ನೂ ಹುಡುಕಬೇಕು. ಅಂಥ ಮಗುವನ್ನು ಒಂದೇ ಸೆಕೆಂಡಿನಲ್ಲಿ ‘ದಡ್ಡ’ ಎಂದುಕೊಳ್ಳುವುದು ದೊಡ್ಡ ಅನ್ಯಾಯ.

ಆಮೇಲೆ ಒಬ್ಬರನ್ನು ಕರೆಯಿರಿ. ಉತ್ತರ ಬಂದ ಮೇಲೆ ಇನ್ನೊಮ್ಮೆ ಮೂರು ಸೆಕೆಂಡ್ ಸುಮ್ಮನಿರಿ. ನಾವು ಹೆಚ್ಚಾಗಿ ಮರೆಯುವುದು ಇದನ್ನೇ. ಒಬ್ಬ ಹುಡುಗಿ ‘ಗ್ವಾಡಿ ದಪ್ಪ ಐತ್ರಿ’ ಅಂದಳು ಅಂದುಕೊಳ್ಳಿ. ‘ತಪ್ಪು, ಮುಂದಿನವರು’ ಅಂದರೆ ಅಲ್ಲಿಗೆ ಮುಗಿಯಿತು. ಸುಮ್ಮನೆ ಅವಳ ಕಡೆ ನೋಡುತ್ತಿದ್ದರೆ, ‘ದನಿ ಗ್ವಾಡಿಗೆ ಬಡದು ಹೊಳ್ಳಿ ಬರತೈತೇನ್ರಿ?’ ಎಂದು ತಾನೇ ತಿದ್ದಿಕೊಳ್ಳಬಹುದು. ಆಗಲೂ ‘ಶಭಾಷ್’ ಅನ್ನುವ ಆತುರ ಬೇಡ. ಹಿಂದಿನ ಬೆಂಚಿನಿಂದ ‘ಹಂಗಾದ್ರ ನಮ್ಮ ಕ್ಲಾಸಿನ್ಯಾಗ ಯಾಕ ಕೇಳಂಗಿಲ್ರಿ?’ ಎಂಬ ಪ್ರಶ್ನೆ ಬಂದರೆ ಪಾಠ ತಾನಾಗಿ ಮುಂದೆ ಹೋಯಿತು. ಪ್ರತಿಧ್ವನಿ ಬೇರೆಯಾಗಿ ಕೇಳಲು ಗೋಡೆ ಕನಿಷ್ಠ 17 ಮೀಟರ್ ದೂರ ಇರಬೇಕು. ಗುಮ್ಮಟದ ಒಳಗಿನ ಅಗಲವೇ ಸುಮಾರು 38 ಮೀಟರ್. ತರಗತಿಯ ಅಗಲವನ್ನು ಮಕ್ಕಳೇ ಹೆಜ್ಜೆ ಹಾಕಿ ಅಳೆಯಲಿ.

ಯಾರೂ ಉತ್ತರಿಸದಿದ್ದರೆ ಒಂದು ನಿಮಿಷ ವಹಿಯಲ್ಲಿ ಬರೆಯಲು ಹೇಳಿ, ಇಲ್ಲವೇ ಪಕ್ಕದವರ ಜೊತೆ ಮಾತಾಡಲು ಬಿಡಿ.

ಸಿಲೆಬಸ್ ಮುಗಿಯುತ್ತದೆಯೇ ಎಂಬ ಚಿಂತೆ ಸಹಜ. ಹತ್ತು ಪ್ರಶ್ನೆಗಳಿಗೆ ಎರಡೂ ಸಲ ಮೂರು ಮೂರು ಸೆಕೆಂಡ್ ಬಿಟ್ಟರೆ ಆಗುವುದು ಒಂದೇ ನಿಮಿಷ. ನಿಜಕ್ಕೂ ಕಾಯುತ್ತಿದ್ದೀರಾ ಎಂದು ತಿಳಿಯಲು ಒಂದು ಪೀರಿಯಡ್ ಮೊಬೈಲಿನಲ್ಲಿ ನಿಮ್ಮ ಪಾಠ ರೆಕಾರ್ಡ್ ಮಾಡಿ, ಮನೆಯಲ್ಲಿ ಕೇಳಿ, ಗಡಿಯಾರ ಹಿಡಿದು ಎಣಿಸಿ. ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿ.