ಪೊದೆ ಯಾರಿಗೆ ಮರೆ? ಮರಳಿನ ಟ್ರೇ ಇಟ್ಟು ನಾನು ಕಂಡುಕೊಂಡದ್ದು

ಪೊದೆ ಇದ್ದರೆ ಇಲಿ, ಮೊಲ, ಜಿಂಕೆಗಳಿಗೆ ರಕ್ಷಣೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಅಡಗುವ ಪ್ರಾಣಿಗೆ ಪೊದೆ ಎಷ್ಟು ಮರೆಯೋ, ಹೊಂಚು ಹಾಕುವ ಪ್ರಾಣಿಗೂ ಅಷ್ಟೇ ಮರೆ. ಹಾಗಿದ್ದರೆ ಒಂದು ಜಾಗ ಅಲ್ಲಿ ಮೇಯುವ ಪ್ರಾಣಿಗೆ ಎಷ್ಟು ಭಯ ಹುಟ್ಟಿಸುತ್ತದೆ ಅಂತ ತಿಳಿಯುವುದು ಹೇಗೆ? ಸುಮ್ನೆ ನೋಡುತ್ತಾ ಕೂತರೆ ಗೊತ್ತಾಗುವುದಿಲ್ಲ, ಅದರಲ್ಲೂ ರಾತ್ರಿ ಓಡಾಡುವ ಇಲಿಗಳ ವಿಷಯದಲ್ಲಿ. ನಾನು ಹಿಡಿದದ್ದು ಮರಳಿನ ಟ್ರೇ ದಾರಿ. ಅಮೆರಿಕದ ಪರಿಸರ ವಿಜ್ಞಾನಿ ಜೋಯೆಲ್ ಬ್ರೌನ್ 1988ರಲ್ಲಿ ಇದರ ಹಿಂದಿನ ಲೆಕ್ಕಾಚಾರವನ್ನು ವಿವರಿಸಿದ್ದರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇದನ್ನು ಬಳಸಿದ್ದಾರೆ.

ಮಾಡುವುದು ಇಷ್ಟೆ. ಅಗಲವಾದ ಪ್ಲಾಸ್ಟಿಕ್ ಟ್ರೇಯಲ್ಲಿ ಜರಡಿ ಹಿಡಿದ ನುಣ್ಣನೆ ಮರಳು ತುಂಬಿ, ತೂಗಿದ ನವಣೆ ಕಾಳನ್ನು ಅದರಲ್ಲಿ ಚೆನ್ನಾಗಿ ಬೆರೆಸುತ್ತೇನೆ. ಇಲಿ ಬಂದು ಕೆದಕಿ ತಿನ್ನುತ್ತದೆ. ಮೊದಮೊದಲು ಕಾಳು ಬೇಗ ಸಿಗುತ್ತದೆ, ಖಾಲಿಯಾಗುತ್ತಾ ಬಂದ ಹಾಗೆ ಒಂದೊಂದು ಕಾಳಿಗೂ ಜಾಸ್ತಿ ಹೊತ್ತು ಕೆದಕಬೇಕು, ಆ ಹೊತ್ತೆಲ್ಲ ಅದರ ಬೆನ್ನು ಬಯಲಿಗೆ. ಸಿಗುವ ಕಾಳಿಗಿಂತ ಅಪಾಯವೇ ಹೆಚ್ಚಾಯಿತು ಅನ್ನಿಸಿದಾಗ ಬಿಟ್ಟು ಹೋಗುತ್ತದೆ. ಭಯ ಇರುವ ಕಡೆ ಬೇಗ ಬಿಡುತ್ತದೆ, ಆದ್ದರಿಂದ ಅಲ್ಲಿ ಹೆಚ್ಚು ಕಾಳು ಉಳಿಯುತ್ತದೆ. ಉಳಿದ ಕಾಳಿನ ತೂಕವೇ ನಮಗೆ ಸಿಗುವ ಉತ್ತರ.

ಟ್ರೇಗಳನ್ನು ಯಾವಾಗಲೂ ಜೋಡಿಯಾಗಿ ಇಡುತ್ತೇನೆ. ಒಂದು ಪೊದೆಯ ಕೆಳಗೆ, ಇನ್ನೊಂದು ಕೆಲವೇ ಮೀಟರ್ ದೂರದ ಬಯಲಲ್ಲಿ. ಹತ್ತಿರ ಇಟ್ಟರೆ ಒಂದೇ ಇಲಿ ಎರಡಕ್ಕೂ ಹೋಗಿಬರಬಹುದು, ಆಗ ಹಸಿವಿನ ವ್ಯತ್ಯಾಸ ಲೆಕ್ಕವನ್ನು ಕೆಡಿಸುವುದಿಲ್ಲ. ಅಳತೆ ಶುರು ಮಾಡುವ ಮೊದಲು ಇಲಿಗಳು ಟ್ರೇಗೆ ಒಗ್ಗಿಕೊಳ್ಳಲಿ ಅಂತ ಕೆಲವು ರಾತ್ರಿ ಸುಮ್ನೆ ಕಾಳು ಹಾಕಿ ಬಿಡಬೇಕು. ಸಂಜೆ ಮರಳನ್ನು ಅಂಗೈಯಿಂದ ಸಮ ಮಾಡಿ ಇಟ್ಟರೆ, ಬಂದದ್ದು ಇಲಿಯೋ ಅಳಿಲೋ ಹಕ್ಕಿಯೋ ಅಂತ ಬೆಳಗ್ಗೆ ಹೆಜ್ಜೆಗುರುತಿನಲ್ಲಿ ತಿಳಿಯುತ್ತದೆ. ಹಕ್ಕಿಗಳು ಏಳುವ ಮೊದಲೇ ಎತ್ತಿಕೊಂಡು ಬರಬೇಕು. ಇರುವೆ ಹತ್ತಿದ ಟ್ರೇಯನ್ನು ಲೆಕ್ಕಕ್ಕೆ ಸೇರಿಸಬಾರದು. ಇಬ್ಬನಿಯಲ್ಲಿ ನೆನೆದ ಕಾಳು ತೂಕ ಜಾಸ್ತಿ ತೋರಿಸುತ್ತದೆ, ಒಣಗಿಸಿಯೇ ತೂಗಬೇಕು.

ಬೆಳದಿಂಗಳ ರಾತ್ರಿಗಳಲ್ಲಿ ಬಯಲಿನ ಟ್ರೇಯಲ್ಲಿ ಕಾಳು ಹಾಗೇ ಉಳಿಯುತ್ತಿತ್ತು, ಪೊದೆ ಕೆಳಗಿನದು ಚೆನ್ನಾಗಿ ಖಾಲಿಯಾಗುತ್ತಿತ್ತು. ಬೆಳಕಿದ್ದರೆ ಗೂಬೆಗೆ ಇಲಿ ಕಾಣಿಸುತ್ತದೆ, ಆದ್ದರಿಂದ ಇದನ್ನು ನಾನು ನಿರೀಕ್ಷಿಸಿದ್ದೆ. ನನಗೆ ಇಷ್ಟವಾದದ್ದು ಇನ್ನೊಂದು ಸಂಗತಿ. ತುಂಬಾ ದಟ್ಟವಾದ ಪೊದೆಯ ನಡುವಿಗಿಂತ ಅದರ ಅಂಚಿನಲ್ಲಿಟ್ಟ ಟ್ರೇಯಲ್ಲೇ ಕಡಿಮೆ ಕಾಳು ಉಳಿಯುತ್ತಿತ್ತು. ಅಂಚಿನಲ್ಲಿ ತಲೆಯ ಮೇಲೆ ಮರೆ ಇದೆ, ಮುಂದೆ ನೋಟವೂ ಇದೆ, ಒಂದು ನೆಗೆತಕ್ಕೆ ಒಳಗೂ ಹೋಗಬಹುದು. ದಟ್ಟ ಪೊದೆಯ ನಡುವೆ ಹಾವು ಸುತ್ತಿಕೊಂಡು ಕೂತಿದ್ದರೆ ಇಲಿಗೆ ಹೇಗೆ ಗೊತ್ತಾಗಬೇಕು? ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಜರ್ಬಿಲ್ ಅನ್ನುವ ಇಲಿಗಳ ಮೇಲೆ ಬರ್ಟ್ ಕಾಟ್ಲರ್, ಬ್ರೌನ್ ಮತ್ತು ಜೊತೆಗಾರರು ಮಾಡಿದ ಪ್ರಯೋಗಗಳು ಇದನ್ನೇ ಹೇಳುತ್ತವೆ. ಗೂಬೆ ಹಾರಾಡಿದರೆ ಜರ್ಬಿಲ್ ಪೊದೆಗೆ ಸರಿಯುತ್ತದೆ, ಆದರೆ ಅದೇ ಪೊದೆಯ ಕೆಳಗೆ ಹಾವು ಇರುತ್ತದೆ. ಒಂದರಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದರ ಬಾಯಿಗೆ ಹತ್ತಿರವಾಗುತ್ತದೆ.

ಇದಾದ ಮೇಲೆ ಮರೆಯನ್ನೂ ಅಳೆಯಲೇಬೇಕಾಯಿತು. ಕಪ್ಪು ಬಿಳಿ ಚೌಕಗಳಿರುವ ಬಟ್ಟೆಯನ್ನು ಟ್ರೇ ಇರುವ ಜಾಗದಲ್ಲಿ ಒಬ್ಬರು ಹಿಡಿದು ನಿಲ್ಲುತ್ತಾರೆ, ನಾನು ಹತ್ತು ಮೀಟರ್ ದೂರದಿಂದ ನಾಲ್ಕೂ ದಿಕ್ಕಿನಲ್ಲಿ ಎಷ್ಟು ಚೌಕ ಮರೆಯಾಗಿದೆ ಅಂತ ಎಣಿಸುತ್ತೇನೆ. ನಿಂತು ಎಣಿಸಿದರೆ ಪ್ರಯೋಜನವಿಲ್ಲ, ಬೇಟೆಯಾಡುವ ಪ್ರಾಣಿಯ ಕಣ್ಣಿನ ಎತ್ತರಕ್ಕೆ ಬಗ್ಗಬೇಕು. ಆಮೇಲೆ ಇಲಿಯ ಕಡೆಯಿಂದಲೂ ನೋಡಬೇಕು, ಅಂದರೆ ನೆಲಕ್ಕೆ ಕೆನ್ನೆ ಹಚ್ಚಿ. ತಾನು ಕಾಣಿಸದೆ ಇರುವುದು ಬೇರೆ, ಎದುರಿನದು ತನಗೆ ಕಾಣುವುದು ಬೇರೆ, ಇವೆರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಮೇಲಿನಿಂದ ಬರುವ ಗೂಬೆ, ಗಿಡುಗಗಳಿಗಾಗಿ ತಲೆಯ ಮೇಲಿನ ಎಲೆಗಳ ಮರೆಯನ್ನೂ ನೋಡಬೇಕು. ಇದಕ್ಕೆ ಟ್ರೇ ಜಾಗದಲ್ಲಿ ಮಲಗಿ ಫೋನಿನಲ್ಲಿ ನೇರ ಮೇಲಕ್ಕೆ ಒಂದು ಫೋಟೋ ತೆಗೆದರೆ ಸಾಕು.

ದೊಡ್ಡ ಪ್ರಾಣಿಗಳಲ್ಲೂ ಇದೇ ಲೆಕ್ಕ ಕಾಣುತ್ತದೆ. ಕಡವೆ ದಟ್ಟ ಕಾಡಲ್ಲಿ ಒಂಟಿಯಾಗಿ, ಇಲ್ಲವೇ ಎರಡು ಮೂರು ಸೇರಿ ಅಡಗಿಕೊಳ್ಳುತ್ತದೆ. ಚುಕ್ಕೆ ಜಿಂಕೆ ಹಿಂಡು ಕಟ್ಟಿಕೊಂಡು ತೆರೆದ ಜಾಗಕ್ಕೆ ಬರುತ್ತದೆ, ಅಲ್ಲಿ ಹತ್ತಾರು ಕಣ್ಣುಗಳಿವೆ. ಹೊಂಚು ಹಾಕಿ ಹಿಡಿಯುವ ಚಿರತೆಗೆ ಪೊದೆ ಬೇಕು, ಹಾಗಾಗಿ ಅದರ ಮಟ್ಟಿಗೆ ಬಯಲು ಜಿಂಕೆಗೆ ಒಳ್ಳೆಯದು. ಓಡಿಸಿ ಸುಸ್ತು ಮಾಡಿ ಹಿಡಿಯುವ ಸೀಳುನಾಯಿಗೆ ಅಷ್ಟೊಂದು ಮರೆ ಬೇಕಾಗಿಲ್ಲ. ಕೃಷ್ಣಮೃಗ ಬಯಲಿನ ಪ್ರಾಣಿಯೇ, ಆದರೂ ಅದರ ಎಳೆ ಮರಿ ಮಾತ್ರ ಎತ್ತರದ ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ. ಒಂದೇ ಜಾತಿ, ವಯಸ್ಸು ಬೇರೆಯಾದರೆ ಬೇಕಾದ ಮರೆಯೂ ಬೇರೆ.

ಟ್ರೇಗೆ ಬಾರದ ಪ್ರಾಣಿಗಳಿಗೆ ನಾನು ಮಾಡುವುದು ಇನ್ನೂ ಸರಳ. ಒಂದೇ ವೇಗದಲ್ಲಿ ನೇರವಾಗಿ ಅದರತ್ತ ನಡೆದು, ಅದು ಓಡಲು ಶುರು ಮಾಡಿದಾಗ ನಮ್ಮಿಬ್ಬರ ನಡುವೆ ಎಷ್ಟು ದೂರ ಇತ್ತು, ಅದರಿಂದ ಬಿಲ ಅಥವಾ ಮರ ಎಷ್ಟು ದೂರ ಇತ್ತು ಅಂತ ಎರಡನ್ನೂ ಅಳೆಯುತ್ತೇನೆ. ಮರದ ಬುಡದಲ್ಲಿರುವ ಅಳಿಲು ತುಂಬಾ ಹತ್ತಿರ ಬಿಟ್ಟುಕೊಳ್ಳುತ್ತದೆ. ಮರದಿಂದ ದೂರ ಇದ್ದದ್ದು ನಾವು ಇನ್ನೂ ದೂರ ಇರುವಾಗಲೇ ಓಡುತ್ತದೆ. ಆದರೆ ಮರಿ ಇರುವ ಕಾಲದಲ್ಲಿ ಮತ್ತು ಗೂಡಿನ ಹತ್ತಿರ ಇದನ್ನು ಮಾಡಬೇಡಿ, ಒಂದೇ ಪ್ರಾಣಿಯನ್ನು ಪದೇ ಪದೇ ಎಬ್ಬಿಸಲೂ ಬೇಡಿ.