ಗಪ್ಪಿ ಮರಿಗಳನ್ನು ಮನೆಯಲ್ಲಿ ಆರೋಗ್ಯವಾಗಿ ಬೆಳೆಸುವ ಕ್ರಮ

ಗಪ್ಪಿ ನೇರವಾಗಿ ಮರಿ ಹಾಕುವ ಮೀನು. ಹುಟ್ಟಿದ ಮರಿ ಕೂಡಲೇ ಈಜಲು ತೊಡಗುತ್ತದೆಯಾದರೂ, ಹೆತ್ತ ತಾಯಿಯೇ ಅದನ್ನು ನುಂಗಿಬಿಡುವುದುಂಟು. ಆದ್ದರಿಂದ ಹೊಟ್ಟೆ ಉಬ್ಬಿ, ಗುದದ್ವಾರದ ಬಳಿಯ ಕಲೆ ಕಪ್ಪಾಗಿರುವ ಹೆಣ್ಣನ್ನು ಜಾವಾ ಪಾಚಿ ದಟ್ಟವಾಗಿರುವ ಬೇರೊಂದು ತೊಟ್ಟಿಗೆ ಬಿಟ್ಟು, ಮರಿ ಹಾಕಿದ ನಂತರ ಮೊದಲಿನ ತೊಟ್ಟಿಗೆ ಸೇರಿಸಬೇಕು. ಮರಿಗಳ ತೊಟ್ಟಿಗೆ ಸ್ಪಂಜ್ ಫಿಲ್ಟರ್ ಒಂದೇ ಸಾಕು. ಬೇರೆ ಫಿಲ್ಟರ್‌ಗಳು ಮರಿಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ.

ಮರಿಗಳು ಹಸಿವಿನಿಂದ ಸಾಯುವುದಕ್ಕಿಂತ ಕೆಟ್ಟ ನೀರಿನಿಂದ ಸಾಯುವುದೇ ಹೆಚ್ಚೆಂದು ನಾನು ದೃಢವಾಗಿ ನಂಬಿದ್ದೇನೆ. ಉಳಿದ ಆಹಾರವೂ ಮಲವೂ ಕೊಳೆತು ಅಮೋನಿಯಾ ಉಂಟಾಗುವುದರಿಂದ, ತಳದ ಕಸವನ್ನು ಪ್ರತಿದಿನ ಸಣ್ಣ ಕೊಳವೆಯಿಂದ ಎಳೆದು ತೆಗೆದು, ಐದರಲ್ಲೊಂದು ಭಾಗದಷ್ಟು ನೀರನ್ನು ಬದಲಿಸಬೇಕು. ಮೈಸೂರಿನ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಅಗಲ ಬಾಯಿಯ ಬಕೆಟ್‌ನಲ್ಲಿ 24 ಗಂಟೆ ತೆರೆದಿಟ್ಟು ಬಳಸುವುದು ಕ್ಷೇಮ. ಮಂಡ್ಯದ ಕಡೆಯವರು ಕೊಳವೆಬಾವಿಯ ನೀರು ಗಡುಸೆಂದು ಅಂಜಬೇಕಿಲ್ಲ, ಗಪ್ಪಿಗೆ ಗಡಸು ನೀರೇ ಒಗ್ಗುತ್ತದೆ.

ಆಹಾರಗಳಲ್ಲಿ ಮೊಟ್ಟೆಯಿಂದ ಆಗತಾನೆ ಹೊರಬಂದ ಆರ್ಟೀಮಿಯಾಕ್ಕೆ (ಉಪ್ಪುನೀರಿನಲ್ಲಿ ಬಾಳುವ, ಸೀಗಡಿಯಂಥ ಪುಟ್ಟ ಜೀವಿ) ಸಮನಾದುದಿಲ್ಲ. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು ಕರಗಿಸಿ, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ, ಬೆಚ್ಚಗಿನ ಜಾಗದಲ್ಲಿಟ್ಟು ಏರ್ ಪಂಪಿನಿಂದ ಬಿಡದೆ ಗಾಳಿ ಕೊಟ್ಟರೆ 24ರಿಂದ 36 ಗಂಟೆಗಳಲ್ಲಿ ಅವು ಒಡೆಯುತ್ತವೆ. ಬಳಿಕ ಗಾಳಿ ನಿಲ್ಲಿಸಿ ಬಾಟಲಿಯ ಒಂದು ಬದಿಗೆ ಟಾರ್ಚ್ ಹಿಡಿದರೆ, ಖಾಲಿ ಸಿಪ್ಪೆಗಳು ಮೇಲೆ ತೇಲಿ, ಒಡೆಯದ ಮೊಟ್ಟೆಗಳು ತಳಕ್ಕಿಳಿದು, ಕಿತ್ತಳೆ ಬಣ್ಣದ ಜೀವಿಗಳು ಬೆಳಕಿನ ಕಡೆ ಮೋಡದಂತೆ ಗುಂಪುಗೂಡುತ್ತವೆ. ಅವನ್ನಷ್ಟೇ ಕೊಳವೆಯಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಸಿಪ್ಪೆ ಸೇರಿದರೆ ಮರಿಗಳ ಕರುಳು ಕಟ್ಟಬಹುದು. ಬೇಯಿಸಿದ ಮೊಟ್ಟೆಯ ಹಳದಿ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಬಹುಬೇಗ ನೀರು ಕೆಡಿಸುವುದರಿಂದ ಬೇರೇನೂ ಇಲ್ಲದಾಗ ಮಾತ್ರ ಸೂಜಿಮೊನೆಯಷ್ಟು ಕೊಡಬಹುದು. ದಿನಕ್ಕೆ ನಾಲ್ಕೈದು ಸಲ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು.

ನೀರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಬೆಳವಣಿಗೆ ಚೆನ್ನಾಗಿರುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮೈಸೂರಿನ ಚಳಿಗೆ ಸಣ್ಣ ತೊಟ್ಟಿ ಬೇಗ ತಣ್ಣಗಾಗುವುದರಿಂದ ಹೀಟರ್ ಅಗತ್ಯ.

ನಾಲ್ಕನೆಯ ವಾರದ ಹೊತ್ತಿಗೆ ಗಂಡುಗಳ ಗುದರೆಕ್ಕೆ ಕಡ್ಡಿಯಂತೆ ಕಿರಿದಾಗತೊಡಗುತ್ತದೆ. ಹೆಣ್ಣು ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಳ್ಳುವುದರಿಂದ, ಆ ಗುರುತು ಕಂಡೊಡನೆ ಗಂಡುಗಳನ್ನು ಬೇರೆ ತೊಟ್ಟಿಗೆ ತೆಗೆಯಬೇಕು.